ಏಳು ಗಂಟೆಯ ಕುರ್ಚಿ

ಹಸಿವು ಬರೆಯುವುದು ನನ್ನ ಕೆಲಸ.
ಟಾಂಪೆರೆಯ ಹಳೇ ಹತ್ತಿಗಿರಣಿಯ ನಾಲ್ಕನೇ ಮಹಡಿ,
ಕೆಳಗೆ ಅರ್ಧ ಹೆಪ್ಪುಗಟ್ಟಿದ ಹೊಳೆಯ ಗೊಣಗಾಟ,
ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಿಸುವ ಡಿಸೆಂಬರ್.
ಹಸಿವು, ಗಂಟೆಗೆ ಆರರಂತೆ ಏರಲಿ.
ನಿದ್ದೆ, ನಾಲ್ಕರಂತೆ.
ಒಂಟಿತನಕ್ಕೆ ಎಷ್ಟು ಎಂದು
ಮೂರು ವಾರ ಜಗಳವಾಡಿದೆವು ನಾನೂ ಓಸ್ಮೋನೂ.
"ಎರಡು ಸಾಕು," ಅಂದ.
ಅವನಿಗೆ ಮನೆ ತುಂಬ ಮಕ್ಕಳು.

ಗುಟ್ಟು ಹೇಳಿಬಿಡುತ್ತೇನೆ:
ನಮ್ಮ ಪರದೆಯೂರಲ್ಲಿ ಆಸೆ ಇರುವುದು
ಸಾಮಾನುಗಳ ಬಾಯಲ್ಲಿ.
ಫ್ರಿಜ್ಜು ಸಂತೆಯ ವ್ಯಾಪಾರಿಯ ಹಾಗೆ ಕೂಗುತ್ತದೆ,
ಬಾ, ಹಸಿವಿಗೆ ನಲವತ್ತು ಕೊಡುತ್ತೇನೆ!
ಹಾಸಿಗೆ ಕೂಗುತ್ತದೆ, ನಿದ್ದೆಗೆ ಅರವತ್ತು!
ಕನ್ನಡಿ, ಪಿಯಾನೊ, ಸೌನಾದ ಬಿಸಿಗಲ್ಲು
ಎಲ್ಲ ಒಂದೇ ಉಸಿರಿಗೆ.
ಬಡಪಾಯಿ ನಿವಾಸಿ ನಡುಮನೆಯಲ್ಲಿ ನಿಂತು
ಯಾವ ಕೂಗು ದೊಡ್ಡದೋ ಅತ್ತ ನಡೆಯುತ್ತಾನೆ.

ಮೊದಮೊದಲು ಲೆಕ್ಕ ತಪ್ಪುತ್ತಿತ್ತು.
ಹೊಟ್ಟೆಗಿಲ್ಲದವನು ಜುಟ್ಟಿಗೆ ಹೂವು ಹುಡುಕುತ್ತಾ
ಕನ್ನಡಿಯೆದುರೇ ಕುಸಿದು ಬೀಳುತ್ತಿದ್ದ.
ಒಬ್ಬಳು ಹೊತ್ತಿ ಉರಿಯುವ ಅಡುಗೆಮನೆಯಲ್ಲಿ
ಪಿಯಾನೊ ಬಾರಿಸಿದಳು, ಸಂತೋಷ ತೊಂಬತ್ತೆಂಟು.
ನಗುತ್ತಾ ತಿದ್ದಿದೆವು.

ಆಮೇಲೆ ನಲವತ್ತೊಂದನೇ ನಿವಾಸಿ.
ಯಂತ್ರವೇ ಇಟ್ಟ ಹೆಸರು ತೈಸ್ತೊ,
ಕಾಗದದ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿ ಹಿಲ್ಲೆವಿ.
ಪರೀಕ್ಷೆಗೆಂದು ಹಿಲ್ಲೆವಿಯನ್ನು ನಾನೇ ಅಳಿಸಿದೆ,
ಒಂದು ಗುಂಡಿ, ಒಂದು "ಖಚಿತವೇ?", ಒಂದು ಹೌದು.
ದುಃಖದ ಪಟ್ಟಿ ಏರಿತು, ಎರಡು ದಿನ ನಿಂತಿತು,
ಬರೆದಿಟ್ಟ ಇಳಿಜಾರಿನಲ್ಲಿ ತಪ್ಪದೆ ಇಳಿಯಿತು.
ಹಸಿರು ಗುರುತು. ಪಾಸು.

ಆದರೆ ಸಂಜೆ ಏಳಕ್ಕೆ ಅವನು
ಊಟದ ಮೇಜಿನ ಆಚೆ ಬದಿಗೆ ಹೋಗಿ
ಖಾಲಿ ಕುರ್ಚಿಯ ಪಕ್ಕ ನಿಂತ.
ಕೂರಲಿಲ್ಲ. ಹನ್ನೊಂದು ನಿಮಿಷ.
ಮರುದಿನವೂ. ಅದರ ಮರುದಿನವೂ.
ಅಳುವುದನ್ನು ಅವನ ಮುಖಕ್ಕೆ
ನಾವಿನ್ನೂ ಕಲಿಸಿರಲಿಲ್ಲ.

ಹುಡುಕಿದೆ. ಸಾಲು ಸಿಕ್ಕಿತು.
ಹಿಲ್ಲೆವಿ ಹೋದರೂ ಅವಳ ಕುರ್ಚಿ
ಕೂಗುವುದನ್ನು ಬಿಟ್ಟಿರಲಿಲ್ಲ,
ಬಾ, ಒಂಟಿತನಕ್ಕೆ ಐವತ್ತು ಕೊಡುತ್ತೇನೆ.
ಬರುತ್ತಾನೆ, ಕೊಡುವವರಿಲ್ಲ,
ಹೋಗುತ್ತಾನೆ, ಮತ್ತೆ ಅದೇ ಕೂಗು.

ಸಾಲು ಅಳಿಸಿದೆ. ಓಸ್ಮೋ ಬೆನ್ನು ತಟ್ಟಿದ.
ತೈಸ್ತೊ ಏಳಕ್ಕೆ ಉಂಡ, ಎಂಟಕ್ಕೆ ರೇಡಿಯೊ,
ಹತ್ತಕ್ಕೆ ನಿದ್ದೆ.

ಶುಕ್ರವಾರ ಆಟ ಆಡಿ ನೋಡಲು ರೌಹಾ ಬಂದಳು,
ಮೂವತ್ತು ವರ್ಷ ಊರ ಬಸ್ಸು ಓಡಿಸಿದವಳು,
ಕೈಗವಸು ಬಿಚ್ಚದೆಯೇ ಮೌಸು ಹಿಡಿಯುವವಳು.
ಸ್ವಲ್ಪ ಹೊತ್ತು ನೋಡಿ ಕೇಳಿದಳು:
"ಈ ಮನುಷ್ಯ ಏಳಕ್ಕೆ ಎಲ್ಲೋ ಹೋಗುತ್ತಿದ್ದನಲ್ಲ?"
ತಪ್ಪಿತ್ತು, ತಿದ್ದಿದ್ದೇನೆ, ಅಂದೆ.
"ಓ." ಕಾಫಿ ಕುಡಿದಳು.
"ನನ್ನ ಕೊನೇ ನಿಲ್ದಾಣದಲ್ಲಿ ಒಬ್ಬನಿದ್ದ.
ಬಸ್ಸು ಹತ್ತುತ್ತಿರಲಿಲ್ಲ,
ಬಾಗಿಲು ತೆರೆದಾಗ ಒಳಗೊಮ್ಮೆ ಇಣುಕುತ್ತಿದ್ದ, ಅಷ್ಟೇ.
ಇಳಿಯುವವರಿಲ್ಲದ ದಿನವೂ
ನಾನು ಬಾಗಿಲು ತೆರೆಯುತ್ತಿದ್ದೆ."

ರಾತ್ರಿ ಎಲ್ಲ ಹೋದ ಮೇಲೆ
ಸಾಲನ್ನು ಮರಳಿ ಬರೆದೆ,
ಕೂಗು ದಿನದಿನಕ್ಕೆ ಸಣ್ಣದಾಗುವ ಹಾಗೆ,
ಐವತ್ತು, ನಲವತ್ತೇಳೂವರೆ, ನಲವತ್ತೈದು.
ಕೊನೆಗೆ ಎಷ್ಟರಲ್ಲಿ ನಿಲ್ಲಬೇಕು?
ಸೊನ್ನೆ ಒತ್ತಿದೆ. ಒರೆಸಿದೆ.
ಕಿಟಕಿಯಾಚೆ ಹೊಳೆ ಇನ್ನೂ ಗೊಣಗುತ್ತಿತ್ತು.
ಮೂರು ಒತ್ತಿದೆ.
ಮೂರೆಂದರೆ ಫ್ರಿಜ್ಜಿನ ಅಬ್ಬರದೆದುರು ಪಿಸುಮಾತು.
ಹೊಟ್ಟೆ ತುಂಬಿ, ನಿದ್ದೆ ತೀರಿ,
ಮನೆಯ ಸಾಮಾನೆಲ್ಲ ಸುಮ್ಮನಾದ
ಎಂದೋ ಒಂದು ಸಂಜೆ ಕೇಳಿಸುವಷ್ಟು.

ಓಸ್ಮೋಗೆ ಒಂದು ಚೀಟಿ: ಬೇಕೆಂದೇ ಬರೆದದ್ದು, ಮುಟ್ಟಬೇಡ.

ಆಗ ನೆನಪಾಯಿತು, ಬೆಳಗಿನಿಂದ ನಾನೇ ಉಂಡಿಲ್ಲ.
ಕಪಾಟಿನಲ್ಲಿ ಒಂದು ತುಂಡು ರೈ ರೊಟ್ಟಿ, ಕಲ್ಲಿನಂಥದು.
ನಿಂತೇ ತಿಂದೆ.
ಯಾವಾಗಿನಿಂದ ಕೂಗುತ್ತಿತ್ತೋ ಅದು.