ಹಿಡಿಯೊಳಗಿನ ಹೆಸರು

ಎಸರು ಕುದಿಯುವ ಮೊದಲು ಒಂದು ಹಿಡಿ ಅಕ್ಕಿ
ಒಲೆಯ ಪಕ್ಕದ ತಗಡಿನ ಡಬ್ಬಿಗೆ.
ಹ್ನಾಹ್ಲಾನಿನ ಅಡುಗೆಮನೆಗಳಲ್ಲೆಲ್ಲ ಹೀಗೆಯೇ,
ಮೊದಲು ದೇವರ ಪಾಲು, ಆಮೇಲೆ ನಮ್ಮದು.
ನಮ್ಮ ಮಿಜೋ ಮಾತಿನಲ್ಲಿ ಬುಹ್ಫಾಯ್ ಥಾಮ್.
ವಾರಕ್ಕೊಮ್ಮೆ ಸಭೆಯ ಹೆಂಗಸರು ಚೀಲ ಹಿಡಿದು ಬರುತ್ತಾರೆ,
ಗುಡ್ಡದ ಮೆಟ್ಟಿಲಿಗೆ ಏದುಸಿರು ಬಿಡುತ್ತ:
"ಬಿಯಾಕ್‌ಛುಂಗಿ, ಇದೆಯೇನೇ?"
ಇದ್ದೇ ಇರುತ್ತದೆ.

ನಲವತ್ತೊಂದು ವರ್ಷ, ದಿನಕ್ಕೆ ಎರಡು ಹೊತ್ತು.
ಮೊಮ್ಮಗ ಫೋನಿನಲ್ಲಿ ಒತ್ತಿ ಹೇಳಿದ,
ಮೂವತ್ತು ಸಾವಿರಕ್ಕೆ ಎಪ್ಪತ್ತು ಕಡಿಮೆ.
ಅದರಲ್ಲಿ ನಾನು ಕೊಟ್ಟ ಹಿಡಿ ಎಷ್ಟು,
ನನ್ನನ್ನು ಕೇಳದೆ ಕೈ ತಾನೇ ಕೊಟ್ಟದ್ದೆಷ್ಟು?
ಅದು ಅವನ ಫೋನಿಗೆ ಗೊತ್ತಿರಲಿಲ್ಲ.

ಈ ಚಳಿಗಾಲ ಬೆರಳ ಗೆಣ್ಣುಗಳು ಊದಿದವು.
ಮುಷ್ಟಿ ಕಟ್ಟಿದರೆ ಕಟ್ಟುವುದಿಲ್ಲ,
ಸಂದಿಯಲ್ಲಿ ಅಕ್ಕಿ ಸೋರಿ ನೆಲಕ್ಕೆ,
ನೆಲದಿಂದ ಕೋಳಿಗೆ.
"ಲೋಟದಲ್ಲಿ ಅಳೆದು ಹಾಕಿ" ಅಂದಳು ಸೊಸೆ.
ಬೇಡವೆಂದೆ.
ಲೋಟ ಸೋರುವುದಿಲ್ಲ.
ಸೋರದ್ದನ್ನು ಯಾರೂ ನೋಡುವುದಿಲ್ಲ.
ಎಷ್ಟೋ ವರ್ಷಕ್ಕೆ ನಾನು ನನ್ನ ಕೈ ನೋಡುತ್ತಿದ್ದೆ.

ಅಂದೇ ನಿಶ್ಚಯಿಸಿದೆ, ಹಿಡಿಗೊಂದು ಹೆಸರು.
ದೊಡ್ಡ ಪ್ರಾರ್ಥನೆ ನನಗೆ ಬಾರದು,
ಹೆಸರು ಹೇಳಿ ಅಕ್ಕಿ ಬಿಡುವುದು, ಅಷ್ಟೇ.
ದ್ರಾಕ್ಷಿಯ ಲಾರಿ ಓಡಿಸುವ ಹ್ರಾಂಗ್‌ಛುವಾನ, ಅವನ ಕೆಮ್ಮು.
ಬಸುರಿ ಝೋಥನ್‌ಸಿಯಾಮಿ.
ತಿಯಾವ್ ಹೊಳೆ ದಾಟಿ ಬಂದು ಶಾಲೆಯ ಕೋಣೆಯಲ್ಲಿ
ಮಲಗುವ ಹುಡುಗ; ಅವನ ಹೆಸರು ತಿಳಿಯದು,
"ಕೆಂಪು ಟೋಪಿ" ಎಂದೆ. ದೇವರಿಗೆ ಸಾಕಾಗುತ್ತದೆ.

ಕೆಲವು ದಿನ ಮರೆತೆ.
ಅನ್ನ ಬೆಂದು, ಮುಚ್ಚಳ ತೆಗೆದು,
ಹಬೆ ಮುಖಕ್ಕೆ ಬಡಿದಾಗ ನೆನಪು.
ಮರುದಿನ ಎರಡು ಹಿಡಿ ಹಾಕಿ ಸಾಲ ತೀರಿಸಲು ಹೊರಟೆ,
ನನಗೇ ನಗು ಬಂತು,
ಅಂಗಡಿಯ ಲೆಕ್ಕವೇ ಇದು?

ಹತ್ತೊಂಬತ್ತನೆಯ ದಿನ ಹೆಸರುಗಳು ಮುಗಿದವು.
ಮುಗಿದಿರಲಿಲ್ಲ. ಒಂದು ಉಳಿದಿತ್ತು.

ರೊಹ್ಲುಪುಯಿ. ಗಂಡನ ತಂಗಿ.
ಆರು ಸಾಲು ದ್ರಾಕ್ಷಿ ಬಳ್ಳಿಗಾಗಿ ಒಂಬತ್ತು ವರ್ಷದ ಮೌನ,
ನಡುವೆ ನಾನೇ ಎಳೆಸಿದ ಮುಳ್ಳುತಂತಿ.
ಆರಾಧನೆಯಲ್ಲಿ ನನ್ನ ಹಿಂದಿನ ಸಾಲಿನಲ್ಲೇ ನಿಂತು ಹಾಡುತ್ತಾಳೆ.
ಅವಳ ಮುಖ ಈಗ ಹೇಗಿದೆಯೋ,
ಉಸಿರು ಮಾತ್ರ ನನ್ನ ಕತ್ತಿಗೆ ಪರಿಚಯ.

ಮುಷ್ಟಿ ಡಬ್ಬಿಯ ಮೇಲೆ ನಿಂತಿತು.
ನಾಲಿಗೆ ಹೊರಳಲಿಲ್ಲ.
ಕೋಳಿಯ ಹೆಸರು ಹೇಳಿದೆ, ನಾಚಿಕೆಯಾಯಿತು.
ಎಸರು ಉಕ್ಕಿ ಒಲೆಯ ಅರ್ಧ ಕೆಂಡ ಆರಿತು.
"ಪೀ, ಅನ್ನ?" ಅಂದ ಮೊಮ್ಮಗ ಬಾಗಿಲಲ್ಲಿ.
"ರೊಹ್" ಎಂದೆ.
ಅಷ್ಟಕ್ಕೇ ಉಸಿರು ನಿಂತಿತು.
ಅರ್ಧ ಹೆಸರಿಗೆ ಅರ್ಧ ಹಿಡಿ ಬಿತ್ತು,
ಉಳಿದದ್ದು ಬೆರಳ ಸಂದಿಯಲ್ಲೇ ಅಂಟಿಕೊಂಡಿತ್ತು.

ಈ ತಿಂಗಳು ಚೀಲದ ಸರದಿ ಅವಳದು.
ಇಂದು ಮೆಟ್ಟಿಲು ಹತ್ತಿ ಬಂದಳು.
"ಇದೆಯೇನೇ" ಎಂದು ಕೇಳಲಿಲ್ಲ,
ಚೀಲದ ಬಾಯಿ ಅಗಲಿಸಿ ನಿಂತಳು.
ಸುರಿದೆ. ಊರಿನ ಅಕ್ಕಿಯೆಲ್ಲ ಅದರಲ್ಲಿತ್ತು,
ಅವಳ ಮನೆಯದೂ.
ನನ್ನದು ಯಾವುದೆಂದು ಕ್ಷಣದಲ್ಲೇ ತಿಳಿಯದಾಯಿತು.
ಅವಳು ನನ್ನ ಬೆರಳುಗಳನ್ನು ನೋಡಿದಳು. ಹೋದಳು.
ತಂತಿ ಇನ್ನೂ ಅಲ್ಲೇ ಇದೆ.

ಸಂಜೆ ಮತ್ತೆ ಎಸರಿಟ್ಟೆ.
ಹೆಸರು ಮತ್ತೆ ಗಂಟಲಲ್ಲೇ ಸಿಕ್ಕಿಕೊಂಡಿತು,
ಬೆಳಗಿಗಿಂತ ತುಸು ಮೇಲೆ.