ಶೇಡ್ ಕಾರ್ಡು

ಪಂಢರಿನಾಥ ಮಾಳ್ವದೆ, ಅರವತ್ತೇಳು.
ಕಬ್ಬನ್‌ಪೇಟೆಯ ಓಣಿಯೊಂದರಲ್ಲಿ ನಲವತ್ತು ವರ್ಷ
ರೇಷ್ಮೆ ನೂಲಿಗೆ ಬಣ್ಣ ಕಟ್ಟಿದವರು.
ಉಗುರಿನ ಸಂದಿಯಲ್ಲಿ ಇನ್ನೂ ರಾಣಿ ಬಣ್ಣ.
ಒಂದು ಬೆಳಗ್ಗೆ ಬಚ್ಚಲಿನಲ್ಲಿ
ತಾನು ಕಲಸದ ಕೆಂಪೊಂದು ಹರಿದದ್ದು ಕಂಡು
ಲ್ಯಾಬಿನಿಂದ ಲ್ಯಾಬಿಗೆ ನಡೆದವರು.

ಡಬ್ಬಿ ಪ್ಲಾಸ್ಟಿಕ್ ಕವರಿನಲ್ಲಿ, ಕವರು ಪೇಪರಿನಲ್ಲಿ.
ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು
ಕೌಂಟರಿನ ಮೇಲಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು.
"ಬೆಳಗಿನ ಮೊದಲನೆಯದಲ್ಲ ತಾನೇ?" ಎಂದೆ.
ರಾತ್ರಿಯೆಲ್ಲ ನೆನೆದ ಕೋಶಗಳು ಮುಖ ಊದಿ ಗುರುತು ಸಿಗುವುದಿಲ್ಲ.
"ಎರಡನೆಯದೇ ಮೇಡಂ," ಕ್ಯಾಲೆಂಡರಿಗೇ ಹೇಳಿದರು.

ಚೀಲದಲ್ಲಿ ಮೂರು ಹಳೆಯ ರಿಪೋರ್ಟು.
ವಿಲ್ಸನ್ ಗಾರ್ಡನ್ನಿನದು: ವಿಶೇಷವೇನೂ ಕಾಣುವುದಿಲ್ಲ.
ರಾಜಾಜಿನಗರದ್ದು: ಅನುಮಾನಕ್ಕೆ ಆಸ್ಪದವಿದೆ, ಇಲ್ಲದೆಯೂ ಇರಬಹುದು.
ಮೂರನೆಯದು ಮಾರ್ಚಿನದು, ನಮ್ಮದೇ, ಕೆಳಗೆ ನನ್ನ ಸಹಿ:
ಅಟಿಪಿಕಲ್ ಕೋಶಗಳಿವೆ. ರೋಗಲಕ್ಷಣಗಳೊಡನೆ ತಾಳೆ ನೋಡುವುದು.

ತಾಳೆ ನೋಡುವುದು!
ಯಾರು, ಯಾವುದರ ಜೊತೆ?
ಅಡ್ಡಗೋಡೆಯ ಮೇಲೆ ದೀಪ ಇಡುವ ಕೆಲಸ
ಅಜ್ಜಿಯ ಕಾಲಕ್ಕೇ ಮುಗಿಯಿತು ಅಂದುಕೊಂಡಿದ್ದೆ.
ದಿನಕ್ಕೆ ಹತ್ತು ಇಡುತ್ತಿದ್ದೆ, ಲೆಟರ್‌ಹೆಡ್ಡಿನ ಮೇಲೆ.

ಅವರು ಜೇಬಿನಿಂದ ಒಂದು ರಟ್ಟು ತೆಗೆದರು.
ಸಾಲುಸಾಲು ಎಳೆಗಳು, ಎಳೆಗೊಂದು ನಂಬರು.
"ನಾನು ಇಲ್ಲಿಂದ ನೂರಾ ಹದಿನೇಳು ಅಂದರೆ
ದೊಡ್ಡಬಳ್ಳಾಪುರದಲ್ಲಿ ಕೂತವನು ಅದೇ ಮೆರೂನು ಎತ್ತುತ್ತಾನೆ.
ನಿಮಗೆ ಇಂಥದ್ದೊಂದು ಇಲ್ಲವಾ?"

ಇದೆ ಎನ್ನಲಾಗಲಿಲ್ಲ. ಬರುತ್ತಿದೆ ಎಂದೆ.

ಭಾನುವಾರ ಚಾಮರಾಜಪೇಟೆಯ ನಮ್ಮ ಮಹಡಿಯಲ್ಲಿ
ಐದು ಲ್ಯಾಬಿನವರು ಕೂತೆವು. ವಡೆ ತಣ್ಣಗಾಯಿತು.
"ನ್ಯೂಕ್ಲಿಯಸ್ ದೊಡ್ಡದು ಅಂದರೆ ಎಷ್ಟು ದೊಡ್ಡದು?"
ಝಕಿಯಾ ಕೇಳಿದಳು. ಒಬ್ಬೊಬ್ಬರದು ಒಂದೊಂದು ಉತ್ತರ.
ಮಾರ್ಕೆಟ್ಟಿನ ಹೂವಿನವರ ಹಾಗೆ
ಅವರವರ ತೋಳಿನಷ್ಟೇ ಅವರವರ ಮೊಳ.
ಚೆಂಗಪ್ಪನವರು ಎದ್ದು ಬೋರ್ಡಿನ ಮೇಲೆ ಬರೆದರು:
ಕೋಶದ ಅರ್ಧ ದಾಟಿದರೆ ಕಣ್ಣಿಡಿ.
ಹತ್ತರಲ್ಲಿ ಏಳು ಪಾಲು ತುಂಬಿ, ಕಪ್ಪಗಾಗಿ,
ಇಲಿ ಕಡಿದ ರೊಟ್ಟಿಯ ಹಾಗೆ ಅಂಚು ಹರಿದಿದ್ದರೆ
ಎಣಿಸಿ. ಹತ್ತು ಸಿಕ್ಕರೆ ಹೆಸರು ಹೇಳಿ.
ಎರಡೇ ಸಿಕ್ಕರೆ ಅನುಮಾನ ಅಂತಲೇ ಬರೆಯಿರಿ,
ಆದರೆ ಐವರೂ ಅದೇ ಪದದಲ್ಲಿ.
ಕಲ್ಲು ತಾಗಿದ ಕೋಶಗಳೂ ಮುಖ ಗಂಟಿಕ್ಕುತ್ತವೆ,
ಪಾಪ, ಅವಕ್ಕೆ ಕಳ್ಳನ ಪಟ್ಟ ಕಟ್ಟಬೇಡಿ.

ಎಲ್ಲರೂ ಹೋದಮೇಲೆ ಡ್ರಾಯರ್ ಎಳೆದೆ.
ಮಾರ್ಚಿನ ಗಾಜು. ನಾನೇ ನೀಲಿ ಕುಡಿಸಿದ್ದು,
ನಾನೇ ಕಿತ್ತಳೆಯಲ್ಲಿ, ಹಸಿರಿನಲ್ಲಿ ಅದ್ದಿದ್ದು.
ಬೋರ್ಡಿನ ಸಾಲು ಬಾಯಲ್ಲಿ ಓದಿಕೊಳ್ಳುತ್ತ
ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಎಣಿಸಿದೆ.
ಏಳು. ಎಂಟು. ಗಾಜಿನ ಮೂಲೆಗೆ ಒಂಬತ್ತು.
ಹದಿನಾಲ್ಕಕ್ಕೆ ನಿಲ್ಲಿಸಿದೆ.

ಇದ್ದವು. ಮಾರ್ಚಿನಲ್ಲೂ ಇದ್ದವು. ನಾನೂ ನೋಡಿದ್ದೆ.
ನೋಡಿ, ತಾಳೆ ನೋಡುವುದು ಎಂದು ಬರೆದು,
ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದ್ದೆ.

ಸೋಮವಾರ ಅವರನ್ನು ಒಳಗೆ ಕರೆದು ಕೂರಿಸಿದೆ.
ಹೊಸ ಡಬ್ಬಿಯದು, ಹಳೆಯದು, ಎರಡರದೂ ಹೇಳಿದೆ.
ಮಾರ್ಚಿನದು ನನ್ನ ತಪ್ಪು ಎಂದೂ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದರು.
ಹೊರಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು.
"ಇದನ್ನ ರಾಜಾಜಿನಗರದಲ್ಲಿ ತೋರಿಸಿದರೂ ಹೀಗೇ ಹೇಳ್ತಾರಾ?"
"ಇದೇ ಪದ ಹೇಳ್ತಾರೆ."

ತಲೆಯಾಡಿಸಿ ಗಾಜಿಗೆ ಕೈ ಚಾಚಿದರು.
ಯಾರಿಗೂ ಕೊಡುವ ಪದ್ಧತಿಯಿಲ್ಲ. ಕೊಟ್ಟೆ.
ಕಿಟಕಿಯ ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿ,
ನೂಲಿನ ಲಡಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ನೀಲಿ ಚೆನ್ನಾಗಿ ಹಿಡಿದಿದೆ," ಎಂದರು.