ತೂಕದ ಚೀಟಿ

ಊರಿಗೆಲ್ಲ ಅವನು ರುದ್ರತೇಜ.
ನನಗೆ ಎರ್ರಿಸ್ವಾಮಿ,
ಮುನಿಸಿಪಲ್ ಶಾಲೆಯ ಹಿಂದಿನ ಬೆಂಚು,
ನನ್ನ ಡಬ್ಬಿಯ ಒಗ್ಗಾಣಿ ತಿಂದು
ಮಿರ್ಚಿಯ ತೊಟ್ಟು ಮಾತ್ರ ಉಳಿಸುತ್ತಿದ್ದವ.

ಒಂಬತ್ತು ಸಿನಿಮಾದಲ್ಲಿ ಮಚ್ಚು ಹಿಡಿದ.
ಆರಕ್ಕೆ ಶತದಿನದ ಬ್ಯಾನರು.
ಕೌಲ್‌ಬಜಾರಿನ ಹುಡುಗರು ಹುಬ್ಬಿಗೆ ಗೀರು ಹಾಕಿಸಿಕೊಂಡರು,
ಜೀನ್ಸ್ ಹೊಲಿಯೋ ಮಷೀನಿನ ಸದ್ದಿನ ಮೇಲೆ
ಅವನ ಡೈಲಾಗು ಒದರಿದರು.

ಒಂದು ದಿನ ಹೇಳದೆ ಕೇಳದೆ ಬಂದ,
ಸಂಡೂರು ರಸ್ತೆಯ ನನ್ನ ವೇಬ್ರಿಡ್ಜಿಗೆ.
ಮೂತಿಗೆ ಟವೆಲು.
ಬಳ್ಳಾರಿ ಬಿಸಿಲಲ್ಲಿ ತಲೆಮರೆಸಿಕೊಳ್ಳಲು
ಬೇರೆ ವೇಷ ಬೇಕಿಲ್ಲ.

"ದೊಡ್ಡಾಸ್ಪತ್ರೆಗೆ ಹೋಗಿದ್ದೆ ಹುಲುಗಾ.
ಹದಿನಾರರ ಹುಡುಗ, ಬಲತೋಳಿಗೆ ಹನ್ನೊಂದು ಹೊಲಿಗೆ.
ಹೊಡೆದವ ನನ್ನ ಡೈಲಾಗು ಹೇಳಿ ಹೊಡೆದಾನೆ.
ಅದಿರಲಿ,
ಹೊಡೆಸಿಕೊಂಡವನೂ ಎಡಗೈಯಾಗ ಫೋನು ಎತ್ತಿ
ಅಣ್ಣಾ, ಒಂದು ಸೆಲ್ಫಿ ಅಂದ.
ನಾನು ನಕ್ಕೆ ಕಣಲೇ.
ಫೋಟೋದಾಗ ನಕ್ಕೀನಿ."

ಇನ್ನು ಮಚ್ಚು ಹಿಡಿಯಲ್ಲ ಅಂದ.
ಮೂರು ಅಡ್ವಾನ್ಸು ವಾಪಸು ಕೊಟ್ಟಿದ್ದ, ದೊಡ್ಡ ಕಾರು ಮಾರಿದ್ದ.
ನೋಡಿದವರು ಎದೆ ಸ್ವಲ್ಪ ನೆಟ್ಟಗೆ ಮಾಡಿಕೊಂಡು
ಮನೆಗೆ ಹೋಗುವಂಥದ್ದು ಮಾಡ್ತೀನಿ ಅಂದ.
"ಒಳ್ಳೇ ಮನುಷ್ಯನ ಸಿನಿಮಾಕ್ಕೆ
ಇಂಟರ್ವಲ್ಲಿಗೆ ಹೊರಗೆ ಹೋದವರು
ತಿರುಗಿ ಒಳಗೆ ಬರಲ್ಲಪಾ" ಅಂದೆ.
"ಬರದಿದ್ದರೆ ಬಿಡಲಿ.
ನಿನ್ನ ಪಕ್ಕ ಕೂಡಬೇಕು, ಮೂರು ದಿನ."

ಕೂತ.
ಲಾರಿ ಬಂತು, ಲಾರಿ ಹೋಯ್ತು,
ಅದಿರಿನ ಕೆಂಪು ಧೂಳು ಅವನ ಬಿಳಿ ಅಂಗಿಗೂ ಅಂಟಿತು.
ನಾನು ಹೆಬ್ಬೆರಳು ನೆಕ್ಕಿ ಚೀಟಿ ಹರಿಯೋದು,
ಪೆನ್ನು ಕಿವಿಗೆ ಸಿಗಿಸೋದು,
ಡ್ರೈವರುಗಳಿಗೆ ತೆಲುಗಿನಲ್ಲಿ ಬೈಯೋದು,
ಬೈದ ಮೇಲೆ ಕೆಮ್ಮೋದು,
ಎಲ್ಲ ನೋಡಿದ.
ಮೂರನೇ ರಾತ್ರಿ ಕೇಳಿದ:
"ಯಾವತ್ತಾದರೂ ಸುಳ್ಳು ತೂಕ ಬರೆದೀಯೇನು?"
ಈ ಫ್ಯಾನು ಯಾಕೋ ಸದ್ದು ಮಾಡ್ತೈತೆ ನೋಡು, ಅಂದೆ.
ಅವನು ಫ್ಯಾನು ನೋಡಿದ.
ಮತ್ತೆ ಕೇಳಲಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಚಂದ್ರಕಲಾ ಟಾಕೀಸು,
ಮೊದಲನೇ ಆಟ.
ಮಾರೆಕ್ಕ ತಲೆಗೆ ಹೂ ಮುಡಿದು ಬಂದಿದ್ದಳು,
ಗಂಡನ ಕೆಲಸ ಪರದೆ ಮೇಲೆ ಬರುತ್ತದಲ್ಲ.
ಬಂತು.
ನನ್ನ ಹೆಬ್ಬೆರಳು, ನನ್ನ ಪೆನ್ನು, ನನ್ನ ಕೆಮ್ಮು.
ಗಾಜಿನ ಕೆಳಗಿಂದ ನೋಟಿನ ಕಟ್ಟು ತೂರಿ ಬಂತು,
ನನಗೆ ತೂರಿ ಬರುವ ಹಾಗೆಯೇ, ರಬ್ಬರು ಸುತ್ತಿ.
ಪರದೆ ಮೇಲಿನವನು
ಒಂದು ಬೆರಳಿನಲ್ಲಿ, ಸಿಟ್ಟಿಲ್ಲದೆ,
ಎಂಜಲು ತಟ್ಟೆ ಸರಿಸಿದ ಹಾಗೆ
ಅದನ್ನು ಹೊರಗೆ ದೂಡಿದ.
ಹಿಂದೆ ಯಾವನೋ "ಮಚ್ಚು ತಗಿಯಣ್ಣೋ" ಅಂತ ಸಿಳ್ಳೆ ಹೊಡೆದ.

ಮಾರೆಕ್ಕ ನನ್ನ ಕಡೆ ತಿರುಗಲಿಲ್ಲ.
ಕೈಯ ಬಳೆ ಎರಡನ್ನೂ
ಮೊಣಕೈವರೆಗೆ ಮೇಲಕ್ಕೆ ಸರಿಸಿ
ಸೆರಗು ಹೊದ್ದಳು.
ಅವು ಯಾವ ವರ್ಷದ ಯಾವ ಲಾರಿಗಳವೆಂದು ನನಗೆ ಗೊತ್ತು.
ಅವಳಿಗೂ ಗೊತ್ತಿತ್ತೆಂಬುದು
ಆವತ್ತು ಗೊತ್ತಾಯ್ತು.

ಐದು ದಿನಕ್ಕೆ ತೆಗೆದರು.
ರಾತ್ರಿ ಫೋನು: "ನೀ ನೋಡಿದ ಆಟಕ್ಕೆ ಎಷ್ಟು ಮಂದಿ ಇದ್ದರು?"
"ಇಪ್ಪತ್ತಮೂರು."
"ನಿಮ್ಮಿಬ್ಬರನ್ನ ಸೇರಿಸಿಯೋ, ಬಿಟ್ಟೋ?"
"ಸೇರಿಸಿ."
ಆ ಕಡೆ ಸುಮ್ಮನಾದ. ಆಮೇಲೆ ನಕ್ಕ.
"ಲೇ, ಸರಿಯಾಗಿ ತೂಗೀದಿ" ಅಂದ.
ಮುಂದಿನದು ಸೂಜಿ ಹಾಕೋ ನರ್ಸಮ್ಮನ ಕಥೆಯಂತೆ,
ಅವನಿಗೆ ಅದರಲ್ಲಿ ಆಂಬ್ಯುಲೆನ್ಸ್ ಓಡಿಸೋ ಕೆಲಸ.
ದುಡ್ಡು ಎಲ್ಲಿಂದಲೋ, ಕೇಳಲಿಲ್ಲ.

ನಿನ್ನೆ ರಾತ್ರಿ ಎರಡು ಗಂಟೆ.
ಹದಿನಾರು ಚಕ್ರದ್ದು, ಟಾರ್ಪಾಲು ಉಬ್ಬಿತ್ತು.
ತಕ್ಕಡಿ ಮೇಲೆ ಹತ್ತಿದಾಗ ಕೋಣೆಯ ಗಾಜು ಗಿಲಗಿಲ.
ಕೆಂಪು ಅಂಕಿಗಳು
ಒಂದು ಕಡೆ ನಿಲ್ಲುವ ಮುಂಚೆ
ತುಸು ನಡುಗುತ್ತವೆ, ಯಾವಾಗಲೂ.
ಗಾಜಿನ ಕೆಳಗಿಂದ ಕೈ ಬಂತು.
ನಾನು ಹೆಬ್ಬೆರಳು ನೆಕ್ಕಿದೆ.
ಅದು ನನ್ನ ಚಾಳಿಯೋ,
ಅವನು ನನ್ನಿಂದ ಒಯ್ದು, ತೊಳೆದು
ತಂದುಕೊಟ್ಟದ್ದೋ,
ತಿಳಿಯದೆ
ಬೆರಳು ಬಾಯಲ್ಲೇ ಇತ್ತು.

ಡ್ರೈವರು ಹಾರ್ನು ಹೊಡೆದ.